ತೂಕ ಇಳಿಸುವ ಆಪರೇಷನ್: ಯಾವ ಅಪಾಯವನ್ನು ನೀವು ಹೊರಬಲ್ಲಿರಿ?

ತೂಕ ಇಳಿಸುವ ಆಪರೇಷನ್ ಮಾತು ಬಂದ ಕೂಡಲೇ ಮನೆಯವರು ಕೇಳುವುದು ಒಂದೇ: "ಜೀವಕ್ಕೇನೂ ತೊಂದರೆ ಇಲ್ಲ ತಾನೆ?" ಪಿತ್ತಕೋಶದ ಆಪರೇಷನ್‌ಗಿಂತ ಹೆಚ್ಚಿನ ಅಪಾಯವೇನಿಲ್ಲ ಅನ್ನುತ್ತಾರೆ ಡಾಕ್ಟರು. ಅದು ಸುಳ್ಳಲ್ಲ. ಪಳಗಿದ ತಂಡ ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ, ಮಾಡಿದರೆ ಮೊದಲ 30 ದಿನಗಳ ಸಾವಿನ ಪ್ರಮಾಣ ಸಾವಿರಕ್ಕೆ ಒಂದರ ಆಸುಪಾಸು. ಅಲ್ಲಿಗೆ ಅಪಾಯದ ಮಾತು ಮುಗಿದು ಪ್ಯಾಕೇಜ್ ಎಷ್ಟು ಎಂಬ ಚರ್ಚೆ ಶುರುವಾಗುತ್ತದೆ. ಎಡವಟ್ಟಾಗುವುದು ಅಲ್ಲೇ. ಈ ಆಪರೇಷನ್‌ಗಳ ಅಪಾಯದ ದೊಡ್ಡ ಪಾಲು ಥಿಯೇಟರಿನಿಂದ ಹೊರಬಂದ ಮೇಲೆ ಕಾದಿರುತ್ತದೆ: ಎಂಟನೇ ದಿನದ ಜ್ವರ, ಎರಡನೇ ವರ್ಷದ ಮಂಡಿನೋವಿನ ಮಾತ್ರೆ, ಐದನೇ ವರ್ಷ ನಿಲ್ಲಿಸಿಬಿಟ್ಟ ವಿಟಮಿನ್ ಬಿ12. ಒಂದೊಂದು ಆಪರೇಷನ್‌ಗೂ ಒಂದೊಂದು ಬಾಲಂಗೋಚಿ. ನಿಮ್ಮ ದೇಹ, ನಿಮ್ಮ ಊಟ, ನಿಮ್ಮೂರಿಂದ ಆಸ್ಪತ್ರೆಗಿರುವ ದೂರ ಇವೆಲ್ಲ ಯಾವುದನ್ನು ತಾಳಿಕೊಳ್ಳುತ್ತವೆ ಎಂದು ನೋಡಿ ಆರಿಸಬೇಕು.

ತುಮಕೂರು ಜಿಲ್ಲೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ದೂರದ ಪಾವಗಡದವರ ಲೆಕ್ಕವೂ ನಗರದಂಚಿನ ಕ್ಯಾತಸಂದ್ರದವರ ಲೆಕ್ಕವೂ ಒಂದೇ ಅಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

1. ಮೊದಲು ಬಿಎಂಐ, ಆಮೇಲೆ ವಿಮೆ ಪಾಲಿಸಿ

ಬಿಎಂಐ ಅಂದರೆ ಎತ್ತರಕ್ಕೆ ತೂಕ ಎಷ್ಟು ಹೆಚ್ಚು ಎಂದು ಹೇಳುವ ಅಂಕಿ. ಕೆ.ಜಿ. ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿ. 160 ಸೆಂ.ಮೀ. ಎತ್ತರ, 96 ಕೆ.ಜಿ. ಇರುವವರ ಬಿಎಂಐ 37.5. ಅಂತರರಾಷ್ಟ್ರೀಯ ಸರ್ಜನ್‌ಗಳ ಸಂಘಗಳು 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ 35 ದಾಟಿದವರಿಗೆ ಬೇರೆ ಕಾಯಿಲೆ ಇರಲಿ ಬಿಡಲಿ ಆಪರೇಷನ್ ಸೂಚಿಸಬಹುದು. 30ರಿಂದ 35ರ ನಡುವೆ ಇದ್ದು ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದರೆ ಯೋಚಿಸಬಹುದು. ನಮ್ಮಂಥ ಏಷ್ಯಾದವರಿಗೆ ಹೊಟ್ಟೆಯ ಬೊಜ್ಜು ಬೇಗ ಕಾಯಿಲೆ ತರುವುದರಿಂದ 27.5ರಿಂದಲೇ ಪರಿಗಣಿಸಬಹುದು ಎಂದೂ ಅದು ಹೇಳುತ್ತದೆ.

ವಿಮೆ ಕಂಪನಿಗಳು ನೋಡುವ ಪುಸ್ತಕ ಬೇರೆ. ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ಪ್ರಮಾಣಿತ ಷರತ್ತಿನ ಪ್ರಕಾರ 18 ತುಂಬಿರಬೇಕು. ಬಿಎಂಐ 40 ಮುಟ್ಟಿರಬೇಕು, ಅಥವಾ 35 ಇದ್ದು ಜೊತೆಗೆ ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು), ಹತೋಟಿಗೆ ಬಾರದ ಟೈಪ್ 2 ಮಧುಮೇಹದಂಥದ್ದು ಇರಬೇಕು. ಬೇರೆ ದಾರಿಗಳು ಸೋತಿರಬೇಕು. ಡಾಕ್ಟರು "ನೀವು ಅರ್ಹರು" ಅಂದರೂ ಕ್ಲೇಮ್ ತಿರಸ್ಕಾರವಾಗುವುದು ಈ ಅಂತರದಿಂದ. ಬೊಜ್ಜಿನ ಚಿಕಿತ್ಸೆಗೆ ಕಾಯುವ ಅವಧಿ ಎಷ್ಟು ವರ್ಷ ಎಂಬುದನ್ನೂ ಪಾಲಿಸಿಯಲ್ಲೇ ಓದಿ, ಏಜೆಂಟರ ಬಾಯಿಮಾತು ನೆಚ್ಚಬೇಡಿ. ಡಯಟೀಶಿಯನ್ ಬಳಿ ಹೋದ ಚೀಟಿ, ಹಳೆಯ ತೂಕದ ದಾಖಲೆ, ಸ್ಲೀಪ್ ಸ್ಟಡಿ ವರದಿ ಯಾವುದನ್ನೂ ಬಿಸಾಡದೆ ಒಂದೇ ಫೈಲಿನಲ್ಲಿಡಿ.

2. ಆಪರೇಷನ್ ಬೇಡ ಅನ್ನುವುದರ ಅಪಾಯವನ್ನೂ ಬರೆದುಕೊಳ್ಳಿ

ಸುಮ್ಮನಿದ್ದರೆ ಅಪಾಯವೇ ಇಲ್ಲ ಅಂತಲ್ಲ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ಅಧ್ಯಯನ ಆಪರೇಷನ್ ಆದ ಸುಮಾರು ಎರಡು ಸಾವಿರ ಜನರನ್ನೂ ಆಗದ ಅಷ್ಟೇ ಜನರನ್ನೂ ದಶಕಗಟ್ಟಲೆ ಹಿಂಬಾಲಿಸಿತು. ಆಪರೇಷನ್ ಆದವರು ಸರಾಸರಿ ಮೂರು ವರ್ಷ ಹೆಚ್ಚು ಬದುಕಿದರು. ಹಾಗಂತ ಸಾಮಾನ್ಯ ಜನರಷ್ಟು ಆಯಸ್ಸು ಅವರಿಗೂ ಸಿಗಲಿಲ್ಲ, ಐದೂವರೆ ವರ್ಷ ಕಡಿಮೆಯೇ ಇತ್ತು. ಅಲ್ಲಿ ನಡೆದವುಗಳಲ್ಲಿ ಹೆಚ್ಚಿನವು ಈಗ ಬಳಕೆಯಲ್ಲಿಲ್ಲದ ವಿಧಾನಗಳು ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ಈಗ ಇಂಜೆಕ್ಷನ್ ದಾರಿಯೂ ಇದೆ. ಟಿರ್ಜೆಪಟೈಡ್ ಇಂಜೆಕ್ಷನ್ ಮೌಂಜಾರೊ 2025ರ ಮಾರ್ಚ್‌ನಲ್ಲಿ, ಸೆಮಾಗ್ಲುಟೈಡ್ ಇಂಜೆಕ್ಷನ್ ವೆಗೋವಿ ಜೂನ್‌ನಲ್ಲಿ ಭಾರತಕ್ಕೆ ಬಂದವು. ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ವಾಪಸ್ ಬರುತ್ತದೆ, ಹಾಗಾಗಿ ಖರ್ಚಿನ ಲೆಕ್ಕವನ್ನು ವರ್ಷಗಳಲ್ಲಿ ಹಾಕಬೇಕು. ಬಿಎಂಐ 30-32ರಲ್ಲಿ ಇರುವವರು ಆಪರೇಷನ್‌ಗೆ ಮುಂಚೆ ಇದರ ಬಗ್ಗೆ ಡಾಕ್ಟರ ಹತ್ತಿರ ಕೂತು ಮಾತಾಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ಡಾಕ್ಟರಿಗೆ ಮುಚ್ಚಿಡಬೇಡಿ. ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಪ್ರಜ್ಞೆ ತಪ್ಪಿಸುವಾಗ ಆಹಾರ ಶ್ವಾಸಕೋಶಕ್ಕೆ ನುಗ್ಗುವ ಭಯವಿದೆ.

3. ಆಪರೇಷನ್‌ಗಳನ್ನು ಒಂದೊಂದಾಗಿ ತೂಗಿ

ಸ್ಲೀವ್. ಇವತ್ತು ಅತಿ ಹೆಚ್ಚು ನಡೆಯುವುದು ಇದೇ. ಜಠರದ ನಾಲ್ಕರಲ್ಲಿ ಮೂರು ಪಾಲನ್ನು ಕತ್ತರಿಸಿ ತೆಗೆದು ಬಾಳೆಹಣ್ಣಿನಂಥ ಕೊಳವೆಯಷ್ಟು ಉಳಿಸುತ್ತಾರೆ. ಹಸಿವಿನ ಹಾರ್ಮೋನು ಗ್ರೆಲಿನ್ ತಯಾರಾಗುವ ಭಾಗವೂ ಹೋಗುವುದರಿಂದ ಹಸಿವೇ ಕಡಿಮೆಯಾಗುತ್ತದೆ. ಕರುಳನ್ನು ಮುಟ್ಟುವುದಿಲ್ಲ, ವಿಟಮಿನ್ ಕೊರತೆ ಮುಂದೆ ಹೇಳುವ ಜಠರದ ಬೈಪಾಸ್‌ಗಿಂತ ಕಡಿಮೆ. ಆದರೆ ತೆಗೆದ ಜಠರವನ್ನು ಮತ್ತೆ ಕೂಡಿಸಲಾಗದು.

ಸ್ಲೀವ್‌ನ ಎರಡು ಅಪಾಯಗಳನ್ನು ಮನದಟ್ಟು ಮಾಡಿಕೊಳ್ಳಿ. ಒಂದು ಸೋರಿಕೆ. ಸ್ಟೇಪಲ್ ಹಾಕಿದ ಉದ್ದನೆಯ ಅಂಚಿನಲ್ಲಿ, ಅದರಲ್ಲೂ ಅನ್ನನಾಳ ಸೇರುವ ಮೇಲ್ತುದಿಯಲ್ಲಿ, ನೂರಕ್ಕೆ ಒಬ್ಬರ ಆಸುಪಾಸಿನವರಿಗೆ ಜಠರದೊಳಗಿನದು ಹೊಟ್ಟೆಯ ಪೊಳ್ಳಿಗೆ ಜಿನುಗುತ್ತದೆ. ಆದರೆ ಅದು ಸುಲಭಕ್ಕೆ ಮಾಯುವಂಥದ್ದಲ್ಲ. ತೂತು ಮುಚ್ಚುವ ಸ್ಟೆಂಟು, ಸೋರಿದ್ದನ್ನು ಹೊರತರುವ ಡ್ರೈನು ಎಂದು ವಾರಗಟ್ಟಲೆ ಆಸ್ಪತ್ರೆಯಲ್ಲಿ ಕಳೆಯಬೇಕಾಗಬಹುದು. ಎರಡನೆಯದು ಎದೆಯುರಿ. ಫಿನ್ಲೆಂಡ್ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ಸ್ಲೀವನ್ನೂ ಬೈಪಾಸನ್ನೂ ಐದು ವರ್ಷ ಎದುರುಬದುರು ನಿಲ್ಲಿಸಿ ನೋಡಿದ ಎರಡು ಅಧ್ಯಯನಗಳ ಫಲಿತಾಂಶ 2018ರಲ್ಲಿ ಬಂತು. ಸ್ವಿಸ್ ಅಧ್ಯಯನದಲ್ಲಿ ಮೊದಲೇ ಎದೆಯುರಿ ಇದ್ದವರ ಪೈಕಿ ಸ್ಲೀವ್ ಆದವರಲ್ಲಿ ನೂರಕ್ಕೆ 32 ಜನರಿಗೆ ಅದು ಹೆಚ್ಚಾಗಿತ್ತು, ಬೈಪಾಸ್ ಆದವರಲ್ಲಿ ಆರು ಜನರಿಗೆ. ಮೊದಲೇ ರಾತ್ರಿ ಹುಳಿತೇಗು, ದಿಂಬು ಏರಿಸಿ ಮಲಗುವ ಅಭ್ಯಾಸ ಇದ್ದವರಿಗೆ ಸ್ಲೀವ್ ಮಾಡಿ, ಕೆಲವು ವರ್ಷದ ನಂತರ ಎದೆಯುರಿ ತಾಳಲಾರದೆ ಬೈಪಾಸ್‌ಗೆ ಬದಲಿಸಿದ ಪ್ರಸಂಗಗಳು ಬೇಕಾದಷ್ಟಿವೆ. ಬಾಯಿಂದ ಕ್ಯಾಮೆರಾ ನಳಿಕೆ ಇಳಿಸಿ ಜಠರ ನೋಡುವ ಎಂಡೋಸ್ಕೋಪಿ ಮಾಡದೆ ಸ್ಲೀವ್‌ಗೆ ದಿನ ಗೊತ್ತು ಮಾಡುವ ಕಡೆ ನಾನಾದರೆ ಎದ್ದು ಬರುತ್ತೇನೆ.

ಬೈಪಾಸ್. ಪೂರ್ಣ ಹೆಸರು ರೂ-ಎನ್-ವೈ ಗ್ಯಾಸ್ಟ್ರಿಕ್ ಬೈಪಾಸ್. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಚಿಕ್ಕ ಚೀಲ ಮಾಡಿ, ಸಣ್ಣಕರುಳನ್ನು ಅದಕ್ಕೆ ಜೋಡಿಸುತ್ತಾರೆ. ಉಳಿದ ಜಠರ ಹೊಟ್ಟೆಯಲ್ಲೇ ಇರುತ್ತದೆ, ಊಟ ಮಾತ್ರ ಆ ಕಡೆ ಹೋಗುವುದಿಲ್ಲ. ಎದೆಯುರಿಗೆ ಇದೇ ಒಳ್ಳೆಯದು, ಸಕ್ಕರೆ ಕಾಯಿಲೆಯ ಮೇಲಿನ ಹಿಡಿತವೂ ಹೆಚ್ಚು.

ಇದರ ಅಪಾಯಗಳು ತಡವಾಗಿ ತಲೆಯೆತ್ತುವಂಥವು. ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಬೀಡಿ-ಸಿಗರೇಟು ಮತ್ತು ನೋವಿನ ಮಾತ್ರೆ ಇದಕ್ಕೆ ಮುಖ್ಯ ಕಾರಣ. ನಮ್ಮಲ್ಲಿ ಮಂಡಿ ನೋವು ಅಂದರೆ ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಡೈಕ್ಲೋಫೆನಾಕೋ ಅಸೆಕ್ಲೋಫೆನಾಕೋ ಎರಡು ಮಾತ್ರೆ ಕತ್ತರಿಸಿ ಕೊಟ್ಟುಬಿಡುತ್ತಾರೆ. ಬೈಪಾಸ್ ಆದವರ ಹೊಟ್ಟೆಯಲ್ಲಿ ಅದು ರಕ್ತಸ್ರಾವಕ್ಕೆ, ತೂತಿಗೆ ದಾರಿಯಾಗಬಹುದು. ಇನ್ನೊಂದು ಒಳ ಹರ್ನಿಯಾ. ಕರುಳಿನ ಜೋಡಣೆಯಿಂದಾದ ಸಂದಿನಲ್ಲಿ, ಕೊಬ್ಬು ಕರಗಿ ಜಾಗ ಸಡಿಲವಾದ ಮೇಲೆ, ಕರುಳು ನುಸುಳಿ ಸಿಕ್ಕಿಕೊಳ್ಳುತ್ತದೆ. ಊಟವಾದ ಮೇಲೆ ಬಂದು ಹೋಗುವ ಹೊಟ್ಟೆ ನೋವನ್ನು ಗ್ಯಾಸ್ ಎಂದು ತಳ್ಳಿಹಾಕಿದರೆ ಕರುಳೇ ಕೊಳೆಯಬಹುದು. ಆ ಸಂದುಗಳನ್ನು ಹೊಲಿದು ಮುಚ್ಚುತ್ತೀರಾ ಎಂದು ಸರ್ಜನ್ ಅವರನ್ನು ಮೊದಲೇ ಕೇಳಿ. ಸಿಹಿ ತಿಂದ ಅರ್ಧ ತಾಸಿನೊಳಗೆ ಬೆವರು, ಎದೆಬಡಿತ, ಭೇದಿ ಆಗುವ ಡಂಪಿಂಗ್ ಎಂಬ ತೊಂದರೆಯೂ ಇದೆ. ಯುಗಾದಿ ಹೋಳಿಗೆಯಲ್ಲಿ ಒಂದು ತುಂಡು ಸಾಕೆನಿಸುವುದು ಇದರಿಂದಲೇ, ಕೆಲವರಿಗೆ ಇದೇ ಒಂದು ಬೇಲಿಯಾಗಿಯೂ ಕೆಲಸಕ್ಕೆ ಬರುತ್ತದೆ.

ಮಿನಿ ಬೈಪಾಸ್. ಎರಡರ ಬದಲು ಒಂದೇ ಜೋಡಣೆ, ಸಮಯ ಕಡಿಮೆ. ಭಾರತದಲ್ಲಿ ಜನಪ್ರಿಯ. ಹೆಸರಿನಲ್ಲಿ ಮಿನಿ ಇದ್ದರೂ ಊಟದ ದಾರಿಯಿಂದ ಹೊರಗುಳಿಯುವ ಕರುಳಿನ ಉದ್ದ ಕಡಿಮೆಯೇನಲ್ಲ. ಫ್ರಾನ್ಸಿನಲ್ಲಿ 200 ಸೆಂ.ಮೀ. ಕರುಳನ್ನು ಹೊರಗುಳಿಸಿ ಮಾಡಿದ್ದನ್ನು ಮಾಮೂಲಿ ಬೈಪಾಸ್ ಜೊತೆ ಹೋಲಿಸಿದಾಗ ತೂಕದ ಇಳಿಕೆ ಸಮಸಮ ಬಂತು. ಆದರೆ ಪೋಷಕಾಂಶ ಕೊರತೆಯ ಗಂಭೀರ ತೊಂದರೆಗಳು ಮಿನಿ ಕಡೆಯೇ ಕಂಡವು. ಪಿತ್ತರಸ ಮೇಲೆ ನುಗ್ಗುವ ಕಾಟವೂ ಕೆಲವರಿಗೆ. ಎಷ್ಟು ಸೆಂ.ಮೀ. ಹೊರಗುಳಿಸುತ್ತೀರಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಸಸ್ಯಾಹಾರಿಗಳು, ರಕ್ತಹೀನತೆ ಇರುವ ಹೆಣ್ಣುಮಕ್ಕಳು ಇದನ್ನು ಎರಡು ಸಲ ಯೋಚಿಸಲಿ.

ಜಠರವನ್ನು ಕಿರಿದಾಗಿಸಿ ಸಣ್ಣಕರುಳಿನ ಬಹುಪಾಲನ್ನು ಊಟದ ದಾರಿಯಿಂದ ಹೊರಗುಳಿಸುವ ಡ್ಯುಯೋಡಿನಲ್ ಸ್ವಿಚ್ ಮತ್ತದರ ಸರಳ ರೂಪಗಳು ತೂಕವನ್ನು ಎಲ್ಲಕ್ಕಿಂತ ಹೆಚ್ಚು ಇಳಿಸುತ್ತವೆ, ಪ್ರೋಟೀನು-ವಿಟಮಿನ್ನುಗಳನ್ನೂ ಹಾಗೇ ಇಳಿಸುತ್ತವೆ. ಬಿಎಂಐ 50 ದಾಟಿದವರ, ತಪಾಸಣೆ ತಪ್ಪಿಸದವರ ಮಾತಿದು. ಜಠರದ ಸುತ್ತ ಬಿಗಿಯುವ ಪಟ್ಟಿ, ಅಂದರೆ ಬ್ಯಾಂಡ್, ಜಾರುವುದು, ಜಠರವನ್ನು ಕೊರೆಯುವುದು, ಮತ್ತೆ ಆಪರೇಷನ್ ಬೇಡುವುದು ಎಂದೆಲ್ಲ ಆಗಿ ಮೂಲೆಗೆ ಸರಿದಿದೆ. ಜಠರದೊಳಗೆ ಉಬ್ಬಿಸಿಡುವ ಬಲೂನು ಸುಮಾರು ಆರು ತಿಂಗಳ ಅತಿಥಿ. ತೆಗೆದ ಮೇಲೆ ತೂಕ ಮರಳುವುದು ಸಾಮಾನ್ಯ. ಕತ್ತರಿಸದೆ ಬಾಯಿಯ ಮೂಲಕ ಜಠರಕ್ಕೆ ಹೊಲಿಗೆ ಹಾಕುವ ಎಂಡೋಸ್ಕೋಪಿಕ್ ಸ್ಲೀವ್‌ನಲ್ಲಿ ಅಪಾಯವೂ ಕಡಿಮೆ, ಇಳಿಕೆಯೂ ಕಡಿಮೆ.

ಇಳಿಕೆ ಎಷ್ಟು? ಸ್ಲೀವ್‌ನಲ್ಲಿ ಒಟ್ಟು ತೂಕದ ಶೇ. 25ರಿಂದ 30ರಷ್ಟು, ಬೈಪಾಸ್‌ನಲ್ಲಿ ತುಸು ಹೆಚ್ಚು. ಮೇಲಿನ 96 ಕೆ.ಜಿ.ಯವರು ಸ್ಲೀವ್ ಆದ ಮೇಲೆ 67ರಿಂದ 72ಕ್ಕೆ ಬರಬಹುದು. 55ಕ್ಕೆ ಬರುತ್ತೀರಿ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಅವರ ಬೇರೆ ಮಾತನ್ನೂ ಅನುಮಾನದಿಂದಲೇ ಕೇಳಿ.

4. ನಿಮ್ಮ ಹಣೆಬರಹವನ್ನು ಇದರ ಪಕ್ಕ ಇಡಿ

ಎದೆಯುರಿ ಜೋರಾಗಿದ್ದರೆ ತಕ್ಕಡಿ ಬೈಪಾಸ್ ಕಡೆ. ಸಕ್ಕರೆ ಕಾಯಿಲೆ ಬಂದು ಐದು ವರ್ಷದೊಳಗಾಗಿದ್ದು, ಇನ್ಸುಲಿನ್ ಇನ್ನೂ ಶುರುವಾಗಿಲ್ಲದಿದ್ದರೆ ಅದು ಹಿಂದೆ ಸರಿಯುವ ಸಾಧ್ಯತೆ ಹೆಚ್ಚು, ಅಲ್ಲೂ ಬೈಪಾಸ್‌ಗೆ ಕೊಂಚ ಮೇಲುಗೈ. ಸಂಧಿವಾತಕ್ಕೆ ನೋವಿನ ಮಾತ್ರೆ ಬಿಡಲಾಗದವರಿಗೆ, ಹೊಗೆ ಬಿಡಲು ಮನಸ್ಸಿಲ್ಲದವರಿಗೆ ಬೈಪಾಸ್ ಅಪಾಯಕಾರಿ. ಮಾತ್ರೆಗಳನ್ನು ಎಂದೂ ನೆಟ್ಟಗೆ ನುಂಗಿದವರಲ್ಲದಿದ್ದರೆ ಕರುಳಿಗೆ ಕೈ ಹಾಕುವ ಆಪರೇಷನ್‌ಗಳಿಂದ ದೂರವಿರಿ. ಬಿಪಿ ಮಾತ್ರೆಯನ್ನೇ ತಿಂಗಳಿಗೆ ಹತ್ತು ದಿನ ಮರೆಯುವವರು ವಿಟಮಿನ್ ಮಾತ್ರೆಯನ್ನು ಜೀವನಪೂರ್ತಿ ತಪ್ಪದೆ ತಿನ್ನುತ್ತೇನೆ ಅಂದರೆ ಮನೆಯವರೇ ನಂಬುವುದಿಲ್ಲ.

ಕುಡಿತದ ವಿಷಯವನ್ನು ಡಾಕ್ಟರ ಮುಂದೆ ಮುಚ್ಚಿಡಬೇಡಿ. ಸ್ಲೀವ್ ಆಗಲಿ ಬೈಪಾಸ್ ಆಗಲಿ, ಆದ ಮೇಲೆ ಮದ್ಯ ಬೇಗ ನೆತ್ತಿಗೇರುತ್ತದೆ, ಬೈಪಾಸ್‌ನಲ್ಲಂತೂ ಇನ್ನೂ ಬೇಗ. ಮೊದಲು ಲೆಕ್ಕಕ್ಕಿಲ್ಲದ ಎರಡು ಪೆಗ್ ಆಮೇಲೆ ಬೈಕು ಬೀಳಿಸುತ್ತದೆ, ಚಟಕ್ಕೆ ಬೀಳುವವರೂ ಇದ್ದಾರೆ.

ಮದುವೆಯಾದ ಹೊಸದರಲ್ಲಿ "ತೂಕ ಇಳಿದರೆ ಮಗುವಾಗುತ್ತದೆ" ಎಂದು ಬರುವವರೂ ಇದ್ದಾರೆ. ಆಗುತ್ತದೆ, ಕೆಲವೊಮ್ಮೆ ನಿರೀಕ್ಷೆಗಿಂತ ಬೇಗ. ಆದರೆ 12ರಿಂದ 18 ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಬೈಪಾಸ್ ಆದ ಮೇಲೆ ಗರ್ಭನಿರೋಧಕ ಮಾತ್ರೆ ನೆಚ್ಚುವಂತಿಲ್ಲ, ಕಾಪರ್-ಟಿಯಂಥದ್ದನ್ನು ಮೊದಲೇ ಮಾತಾಡಿಕೊಳ್ಳಿ.

5. ದೂರವೂ ಒಂದು ಅಪಾಯ

ತುಮಕೂರು ನಗರದಿಂದ ಬೆಂಗಳೂರು ಸುಮಾರು 70 ಕಿ.ಮೀ. ಪಾವಗಡದಿಂದ ತುಮಕೂರಿಗೇ ಸುಮಾರು 100. ಸೋರಿಕೆ ಬಹಳ ಸಲ ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ, ಮೊದಲ ಎರಡು ವಾರದಲ್ಲಿ ಬಯಲಾಗುತ್ತದೆ. ಆ ಹೊತ್ತಿನಲ್ಲಿ ಕೆಲವು ತಾಸುಗಳ ತಡವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಪಾವಗಡ, ಮಧುಗಿರಿ, ಚಿಕ್ಕನಾಯಕನಹಳ್ಳಿ ಕಡೆಯವರು ಮೊದಲ ಎರಡು ವಾರ ಆಪರೇಷನ್ ಮಾಡಿದ ಆಸ್ಪತ್ರೆಗೆ ಒಂದು ತಾಸಿನೊಳಗೆ ತಲುಪುವ ನೆಂಟರ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಉಳಿಯುವುದು ಲೇಸು. ಪ್ಯಾಕೇಜ್ ದರಕ್ಕೆ ಈ ಖರ್ಚನ್ನೂ ಸೇರಿಸಿಕೊಳ್ಳಿ.

ಸರ್ಜನ್ ಮುಂದೆ ಕೂತಾಗ ಕೇಳಬೇಕಾದ್ದು: ವರ್ಷಕ್ಕೆ ಎಷ್ಟು ಮಾಡುತ್ತೀರಿ, ಅದರಲ್ಲಿ ನನಗೆ ಹೇಳುತ್ತಿರುವ ಈ ಬಗೆ ಎಷ್ಟು? ನಿಮ್ಮ ಕೈಯಲ್ಲಿ ಸೋರಿಕೆ ಎಷ್ಟಾಗಿದೆ, ಆದಾಗ ಏನು ಮಾಡಿದಿರಿ? ರಾತ್ರಿ ಎರಡಕ್ಕೆ ಫೋನ್ ಮಾಡಿದರೆ ಎತ್ತುವವರು ಯಾರು? ಐಸಿಯು, ಸಿಟಿ ಸ್ಕ್ಯಾನ್, ಸ್ಟೆಂಟ್ ಹಾಕಬಲ್ಲ ಎಂಡೋಸ್ಕೋಪಿ ಡಾಕ್ಟರು ಅದೇ ಕಟ್ಟಡದಲ್ಲಿದ್ದಾರೆಯೇ? ಸೋರಿಕೆಯೇ ಆಗಿಲ್ಲ ಎನ್ನುವವರಿಗಿಂತ, ಆಗಿದೆ, ಹೀಗೆ ನಿಭಾಯಿಸಿದೆವು ಎನ್ನುವವರನ್ನು ನಾನು ಹೆಚ್ಚು ನಂಬುತ್ತೇನೆ. ಜೊತೆಗೆ ನಿಮ್ಮೂರಿನ ಫಿಜಿಶಿಯನ್ ಒಬ್ಬರನ್ನು ಮೊದಲೇ ಗೊತ್ತು ಮಾಡಿಕೊಂಡು ಡಿಸ್ಚಾರ್ಜ್ ಸಮ್ಮರಿಯ ಪ್ರತಿ ಕೊಟ್ಟಿರಿ.

6. ಆಪರೇಷನ್‌ಗೆ ಮುಂಚಿನ ತಯಾರಿ

ಎಂಡೋಸ್ಕೋಪಿ, ಹುಣ್ಣು ತರುವ ಎಚ್. ಪೈಲೋರಿ ಬ್ಯಾಕ್ಟೀರಿಯಾದ ಪರೀಕ್ಷೆ, ಹೃದಯದ ಎಕೋ, ಥೈರಾಯ್ಡ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಕಬ್ಬಿಣಾಂಶ, ಬಿ12, ವಿಟಮಿನ್ ಡಿ, ಗೊರಕೆ ಇದ್ದವರಿಗೆ ಸ್ಲೀಪ್ ಸ್ಟಡಿ. ಕೊರತೆ ಇದ್ದರೆ ಮೊದಲೇ ತುಂಬಿಕೊಳ್ಳಬೇಕು. ತಂಬಾಕು ಯಾವ ರೂಪದಲ್ಲಿದ್ದರೂ ಕನಿಷ್ಠ ಆರು ವಾರ ಮೊದಲು ನಿಲ್ಲಿಸಿ. ಸರ್ಜನ್ ಹೇಳಿದ ಎರಡು ವಾರದ ಕಡಿಮೆ ಕ್ಯಾಲರಿ ಪಥ್ಯ ತಪ್ಪಿಸಬೇಡಿ. ಕೊಬ್ಬು ತುಂಬಿದ ಯಕೃತ್ತು ಕುಗ್ಗಿದರೆ ಮಾತ್ರ ಕೆಳಗಿನ ಜಠರ ಅವರ ಕಣ್ಣಿಗೆ ಸರಿಯಾಗಿ ಕಾಣುತ್ತದೆ.

7. ಮೊದಲ ತಿಂಗಳುಗಳು: ಮುದ್ದೆಯ ಸಮಸ್ಯೆ

ಬೆಂಗಳೂರಿನ ಡಯಟ್ ಚಾರ್ಟುಗಳಲ್ಲಿ ಓಟ್ಸು, ಸೂಪು ಇರುತ್ತದೆ, ಮುದ್ದೆಯ ಮಾತೇ ಇರುವುದಿಲ್ಲ. ನಮ್ಮವರು ಮುದ್ದೆಯನ್ನು ಅಗಿಯುವುದಿಲ್ಲ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಹಾಗೇ ಗುಳುಂ ಎಂದು ನುಂಗುವುದು; ಮುದ್ದೆ ಅಗಿಯುವವರನ್ನು ನೋಡಿ ನಗುವುದೂ ಉಂಟು. ಸ್ಲೀವ್ ಆದ ಹೊಟ್ಟೆಗೆ ಆ ತುತ್ತು ಹೋದರೆ ಸಿಕ್ಕಿಕೊಳ್ಳುತ್ತದೆ: ಎದೆ ನಡುವೆ ಒತ್ತಿದ ನೋವು, ಬಾಯಿ ತುಂಬ ಜೊಲ್ಲು, ಕೊನೆಗೆ ವಾಂತಿ. ಮೊದಲ ಎರಡು ವಾರ ದ್ರವ, ಆಮೇಲೆ ನುಣ್ಣಗಿನದು, ಒಂದೂವರೆ ತಿಂಗಳ ಹೊತ್ತಿಗೆ ಮೆತ್ತನೆಯ ಗಟ್ಟಿ ಆಹಾರ ಎಂಬುದು ಸಾಮಾನ್ಯ ಕ್ರಮ. ತೆಳು ರಾಗಿ ಅಂಬಲಿ, ಮಜ್ಜಿಗೆ ಬೇಗ ಒಗ್ಗುತ್ತವೆ. ಮುದ್ದೆಗೆ ಹಿಂತಿರುಗುವುದು ತಿಂಗಳುಗಳಾದ ಮೇಲೆ, ಅದೂ ಗೋಲಿಯಷ್ಟು ತುತ್ತು, ಅಗಿದು.

ಬಸ್ಸಾರಿನ ಕಟ್ಟು ಕುಡಿದರೆ ಕಾಳಿನ ಸತ್ವವೆಲ್ಲ ಬಂತು ಎಂದುಕೊಳ್ಳುವವರಿದ್ದಾರೆ. ಪ್ರೋಟೀನು ಉಳಿಯುವುದು ಬಸಿದ ಕಾಳಿನಲ್ಲಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕು, ಒಂದು ಮೊಟ್ಟೆಯಲ್ಲಿರುವುದು ಆರು ಗ್ರಾಂ. ತಟ್ಟೆಯಲ್ಲಿ ಮೊದಲು ಕಾಳು, ಮೊಟ್ಟೆ, ಪನ್ನೀರು, ಮಾಂಸ. ಜಾಗ ಉಳಿದರೆ ಮುದ್ದೆ, ಅನ್ನ. ಕ್ಯಾತಸಂದ್ರದ ತಟ್ಟೆ ಇಡ್ಲಿಯಲ್ಲಿ ಕಾಲು ಭಾಗ ತಿಂದು ಏಳುವುದಕ್ಕೆ ಅಭ್ಯಾಸ ಬೇಕು. ಊಟದ ಜೊತೆ ನೀರು ಬೇಡ. ಅರ್ಧ ತಾಸು ಬಿಟ್ಟು ಗುಟುಕರಿಸಿ.

ಸಕ್ಕರೆ ಕಾಯಿಲೆಯವರಿಗೆ ಒಂದು ಎಚ್ಚರಿಕೆ: ಕೆಲವೇ ದಿನಗಳಲ್ಲಿ ಸಕ್ಕರೆ ಕುಸಿಯುತ್ತದೆ. ಇನ್ಸುಲಿನ್, ಗ್ಲಿಮಿಪಿರೈಡ್ ಹಳೆಯ ಡೋಸಿನಲ್ಲೇ ಮುಂದುವರಿಸಿದರೆ ಪ್ರಜ್ಞೆ ತಪ್ಪಬಹುದು. ಬದಲಿಸಿದ ಡೋಸನ್ನು ಬರೆಸಿಕೊಂಡೇ ಮನೆಗೆ ಹೊರಡಿ.

ಈ ಲಕ್ಷಣ ಕಂಡರೆ ಕಾಯಬೇಡಿ: ಕೂತಿದ್ದಾಗಲೂ ನಾಡಿ 120 ದಾಟುವುದು, ಜ್ವರ, ಎಡ ಭುಜದ ನೋವು, ಹೆಚ್ಚುತ್ತಿರುವ ಹೊಟ್ಟೆನೋವು, ಉಸಿರು ಸಾಲದಿರುವುದು, ಒಂದು ಕಾಲು ಮಾತ್ರ ಊದುವುದು. ಕೊನೆಯೆರಡು ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದರ ಸೂಚನೆಯಾಗಿರಬಹುದು, ಮೊದಲ ತಿಂಗಳ ಸಾವುಗಳಿಗೆ ಅದೊಂದು ಮುಖ್ಯ ಕಾರಣ. ಆಪರೇಷನ್ ಆದ ಸಂಜೆಯೇ ನಡೆಸುವುದು, ಹೆಪಾರಿನ್ ಇಂಜೆಕ್ಷನ್ ಕೊಡುವುದು ಅದಕ್ಕೇ. ಕಾರಿನಲ್ಲಿ ಊರಿಗೆ ಬರುವಾಗ ತಾಸಿಗೊಮ್ಮೆ ಇಳಿದು ನಡೆಯಿರಿ.

8. ಜೀವನಪೂರ್ತಿಯ ಭಾಗ

ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ರಾಗಿ ತಿನ್ನುವವರಿಗೆ ಕ್ಯಾಲ್ಸಿಯಂ ಮಾತ್ರೆ ಯಾಕೆ ಎನ್ನಬೇಡಿ. ರಾಗಿಯಲ್ಲಿ ಕ್ಯಾಲ್ಸಿಯಂ ಸಮೃದ್ಧವಾಗಿದೆ, ನಿಜ. ಆದರೆ ಬೈಪಾಸ್ ಆದವರಲ್ಲಿ ಅದನ್ನು ಚೆನ್ನಾಗಿ ಹೀರುವ ಕರುಳಿನ ಭಾಗವೇ ದಾರಿಯಿಂದ ಹೊರಗುಳಿದಿರುತ್ತದೆ, ತಿನ್ನುವ ಪ್ರಮಾಣವೂ ಹಿಡಿಯಷ್ಟು. ಕ್ಯಾಲ್ಸಿಯಂ ಸಿಟ್ರೇಟ್ ರೂಪದ್ದು ಕೇಳಿ ತೆಗೆದುಕೊಳ್ಳಿ, ಕಬ್ಬಿಣದ ಮಾತ್ರೆಗೂ ಅದಕ್ಕೂ ಎರಡು ತಾಸು ಅಂತರವಿರಲಿ, ಕಬ್ಬಿಣವನ್ನು ಕಾಫಿ-ಟೀ ಜೊತೆ ನುಂಗಬೇಡಿ. ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ. ತೂಕ ಬೇಗ ಇಳಿಯುವಾಗ ಪಿತ್ತದ ಕಲ್ಲಾಗುವುದನ್ನು ತಡೆಯಲು ಆರು ತಿಂಗಳು ಅರ್ಸೋಡಿಆಕ್ಸಿಕೋಲಿಕ್ ಆಸಿಡ್ ಮಾತ್ರೆ ಬರೆಯುವುದುಂಟು. ಬರೆಯದಿದ್ದರೆ ಯಾಕೆಂದು ಕೇಳಿ.

ಹೆಚ್ಚಿನವರಿಗೆ ಗೊತ್ತಿಲ್ಲದ ಅಪಾಯ ಒಂದಿದೆ, ಅದೂ ಪಕ್ಕದ ಕ್ಲಿನಿಕ್ಕಿನಲ್ಲೇ. ಕೆಲವು ದಿನ ಎಡೆಬಿಡದೆ ವಾಂತಿಯಾದರೆ ದೇಹದಲ್ಲಿ ಥಯಮಿನ್, ಅಂದರೆ ವಿಟಮಿನ್ ಬಿ1, ಬರಿದಾಗುತ್ತದೆ. ಸುಸ್ತೆಂದು ಹೋದರೆ ಮೊದಲು ಏರಿಸುವುದು ಗ್ಲೂಕೋಸ್ ಡ್ರಿಪ್. ಥಯಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು: ನಡಿಗೆ ತಡವರಿಸುತ್ತದೆ, ಕಣ್ಣು ಎರಡೆರಡು ಕಾಣುತ್ತದೆ, ಮರೆವು ಶಾಶ್ವತವಾಗಿ ಉಳಿಯಬಹುದು. ವಾಂತಿಯ ರೋಗಿಗೆ ಮೊದಲು ಥಯಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್.

ಇದನ್ನೆಲ್ಲ ಆ ಹೊತ್ತಿನಲ್ಲಿ ವಿವರಿಸುವ ತ್ರಾಣ ನಿಮಗಿರುವುದಿಲ್ಲ. ಡಿಸ್ಚಾರ್ಜ್ ದಿನವೇ ಸರ್ಜನ್ ಅವರಿಂದ ಒಂದು ಕಾರ್ಡು ಬರೆಸಿ ಸಹಿ ಹಾಕಿಸಿಕೊಳ್ಳಿ. ಆಪರೇಷನ್ ಹೆಸರು, ದಿನಾಂಕ, ದಾರಿಯಿಂದ ಹೊರಗುಳಿಸಿದ ಕರುಳಿನ ಉದ್ದ, ತುರ್ತು ಫೋನ್ ನಂಬರ್. ಕೆಳಗೆ ನಾಲ್ಕು ಸಾಲು: ಗ್ಲೂಕೋಸ್‌ಗೆ ಮುಂಚೆ ಥಯಮಿನ್; ಡೈಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಯಾಗಲಿ ಇಂಜೆಕ್ಷನ್ ಆಗಲಿ ಬೇಡ; ಸರ್ಜನ್ ಅವರನ್ನು ಕೇಳದೆ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಬೇಡಿ; ಬಿಡದ ಹೊಟ್ಟೆನೋವಿಗೆ ಸಿಟಿ ಸ್ಕ್ಯಾನ್. ಕಾರ್ಡು ಪರ್ಸಿನಲ್ಲಿರಲಿ, ಅದರ ಫೋಟೋ ನಿಮ್ಮ ಮೊಬೈಲಿನಲ್ಲೂ ಮನೆಯ ಇನ್ನಿಬ್ಬರ ಮೊಬೈಲಿನಲ್ಲೂ ಇರಲಿ. ನೀವು ಮಾಮೂಲಿ ಮಾತ್ರೆ ಕೊಳ್ಳುವ ಮೆಡಿಕಲ್ ಸ್ಟೋರಿನವರಿಗೂ ಒಮ್ಮೆ ತೋರಿಸಿ ಬನ್ನಿ.